ಸ್ಯಾಡಲ್ ಸ್ಕ್ರೂ ಕೊನೆಗೆ ತಿರುಗಿಸಿ

ಗಿಟಾರಿನ ಆರೂ ತಂತಿ ಬೆರಳಿಡದೆ ಖಾಲಿ ಮೀಟಿದ್ರೆ ಟ್ಯೂನರ್‌ನಲ್ಲಿ ಹಸಿರು (ಶ್ರುತಿ ಸರಿ) ತೋರಿಸುತ್ತೆ, ಆದ್ರೆ 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಮೆಟ್ಟಿಲು) ಹತ್ರ ಒತ್ತಿ ನುಡಿಸಿದ್ರೆ ಅಪಶ್ರುತಿ. ತಕ್ಷಣ ಜನ ಸ್ಕ್ರೂಡ್ರೈವರ್ ತಗೊಂಡು, ಗಿಟಾರ್ ಮೈ ಕಡೆ ತಂತಿಯನ್ನ ಹೊತ್ತಿರೋ ಸ್ಯಾಡಲ್‌ನ ಸ್ಕ್ರೂ ತಿರುಗಿಸ್ತಾರೆ. ದಯವಿಟ್ಟು ಬೇಡ. ಅದು ಕೊನೇ ಕೆಲಸ.

ಮೊದಲು ತಂತಿ. ಅದರ ಅಡಿಯಲ್ಲಿ ಉಗುರು ಎಳೆದು ನೋಡಿ. ಫ್ರೆಟ್ ಬರೋ ಕಡೆಯೆಲ್ಲಾ ಉಗುರು ತಡೆದ್ರೆ ತಂತಿ ಸವೆದಿದೆ, ಉದ್ದಕ್ಕೂ ಒಂದೇ ತೂಕ ಉಳಿದಿಲ್ಲ. ಅಂಥ ತಂತಿಗೆ ಯಾವ ಸ್ಯಾಡಲ್ಲೂ ಹೊಂದಲ್ಲ. ಹೊಸದು ಹಾಕಿ, ಕೈಯಲ್ಲಿ ಮೆಲ್ಲಗೆ ಜಗ್ಗಿ, ಮತ್ತೆ ಶ್ರುತಿ ಮಾಡಿ. ಸ್ವರ ಮೇಲೆ ಹೋಯ್ತಾ? ಪೂರ್ತಿ ಇಳಿಸಿ, ಕೆಳಗಿಂದ ಏರಿಸ್ತಾ ಬನ್ನಿ. ಇಳಿಸ್ತಾ ನಿಲ್ಲಿಸಿದ್ರೆ ಬಿರಡೆ ಗೇರಿನ ಸಡಿಲ ಉಳ್ಕೊಂಡು, ಎರಡು ನಿಮಿಷದಲ್ಲಿ ತಂತಿ ಜಾರುತ್ತೆ.

ಆಮೇಲೆ ನಟ್, ಅಂದ್ರೆ ಬಿರಡೆ ಕಡೆ ತಂತಿ ಕೂರೋ ಗೀರುಗಳಿರೋ ಪಟ್ಟಿ. ತಂತಿಯನ್ನ 2 ಮತ್ತು 3ನೇ ಫ್ರೆಟ್ ಮಧ್ಯೆ ಒತ್ತಿ, 1ನೇ ಫ್ರೆಟ್ ಮೇಲಿನ ಸಂದು ನೋಡಿ. ಕಾಗದದಷ್ಟು ತೆಳು ಇದ್ರೆ ಸಾಕು. ಹೆಚ್ಚಿದ್ರೆ ಮೊದಲ ಫ್ರೆಟ್‌ಗಳ ಸ್ವರವೆಲ್ಲಾ ಏರುತ್ತೆ. ಆ ತಪ್ಪನ್ನ ಸ್ಯಾಡಲ್ ಸರಿಮಾಡಲ್ಲ. ನಟ್ ಗೀರು ಉಜ್ಜೋದು ಮಾತ್ರ ರಿಪೇರಿಯವರಿಗೇ ಬಿಡಿ, ಕೂದಲೆಳೆ ಜಾಸ್ತಿ ಉಜ್ಜಿದ್ರೂ ಖಾಲಿ ತಂತಿ ಝೇಂಕರಿಸುತ್ತೆ.

ಈಗ ಸ್ಯಾಡಲ್. ಸ್ಟ್ರ್ಯಾಟೊಕಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರಿನಲ್ಲಿ ನಟ್‌ನಿಂದ ಸ್ಯಾಡಲ್‌ವರೆಗೆ ಲೆಕ್ಕದ ಅಳತೆ 648 ಮಿ.ಮೀ., 12ನೇ ಫ್ರೆಟ್ ನಟ್‌ನಿಂದ ಸರಿಯಾಗಿ ಅರ್ಧಕ್ಕೆ, 324ಕ್ಕೆ. ಆದ್ರೆ ಒತ್ತಿದಾಗ ತಂತಿ ಹಿಗ್ಗಿ ಸ್ವರ ಏರುತ್ತೆ, ಅದಕ್ಕೇ ಸ್ಯಾಡಲ್ ಸ್ವಲ್ಪ ಹಿಂದೆ ಕೂರಬೇಕು. ಗಿಟಾರನ್ನ ಮೇಜಿನ ಮೇಲೆ ಮಲಗಿಸ್ಬೇಡಿ, ನುಡಿಸೋ ಹಾಗೇ ಹಿಡೀರಿ. 12ನೇ ಫ್ರೆಟ್ ಹಾರ್ಮೋನಿಕ್ (ಒತ್ತದೆ ಫ್ರೆಟ್ ಮೇಲೆ ಬೆರಳು ಸೋಕಿಸಿ ಮೀಟೋ ಸ್ವರ) ನುಡಿಸಿ, ಅಲ್ಲೇ ಎಂದಿನಷ್ಟೇ ಬಲದಲ್ಲಿ ಒತ್ತಿ ನುಡಿಸಿ. ಒತ್ತಿದ ಸ್ವರ ಹಾರ್ಮೋನಿಕ್‌ಗಿಂತ ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ನಟ್ ಕಡೆಗೆ. ಸರಿಸೋ ಮುಂಚೆ ತಂತಿ ಸಡಿಲಿಸಿ, ಸರಿಸಿದ ಮೇಲೆ ಖಾಲಿ ತಂತಿಯ ಶ್ರುತಿ ಮತ್ತೆ ಕೂಡಿಸಿ. ಇದನ್ನ ಮರೆತವರೇ ಗಂಟೆಗಟ್ಟಲೆ ಒದ್ದಾಡೋದು. ತಂತಿಯ ಕಂಪನ ಹಿಡಿಯೋ ಪಿಕಪ್ ತಂತಿಗೆ ತೀರಾ ಹತ್ರ ಇದ್ರೆ ಅದರ ಆಯಸ್ಕಾಂತವೂ ತಂತಿಯನ್ನ ಎಳೆದು ಸ್ವರ ಕೆಡಿಸುತ್ತೆ, ಕೆಳಗಿಳಿಸಿ.

ಇಷ್ಟಾದ್ರೂ ಹಲವು ಸ್ವರ ಒಟ್ಟಿಗೆ ಮೀಟೋ ಇ ಮೇಜರ್ ಕಾರ್ಡ್‌ನಲ್ಲಿ ಜಿ ತಂತಿ (ಕೆಳಗಿಂದ ಮೂರನೆಯದು) ಕಿವಿಗೆ ಚುಚ್ಚುತ್ತೆ. ಗಿಟಾರ್ ಕೆಟ್ಟಿಲ್ಲ. ಆ ಕಾರ್ಡ್‌ನಲ್ಲಿ ಜಿ ತಂತಿ ಕೊಡೋದು ಅಂತರ ಗಾಂಧಾರ. ಸಮಪಾಲು ಶ್ರುತಿಯಲ್ಲಿ (ಅಷ್ಟಕವನ್ನ 12 ಸಮಭಾಗ ಮಾಡೋ ಪದ್ಧತಿ) ಅದು ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ (ಅಂಥ ಒಂದು ಭಾಗದ ನೂರರಲ್ಲೊಂದು ಪಾಲು ಒಂದು ಸೆಂಟ್) ಮೇಲಿರುತ್ತೆ. ಕಿವಿಗೆ ಹಿತ ಅಂತ ಆ ತಂತಿ ಇಳಿಸಿದ್ರೆ, ಸಿ ಕಾರ್ಡ್ ಹಿಡಿದಾಗ ಖಾಲಿ ಜಿ ಸೊರಗುತ್ತೆ. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತೆ, ಒಂದೊಂದನ್ನೂ ಕಿವಿಗೆ ಹೊಂದಿಸಿ ಕೂರಿಸಬಹುದು. ಗಿಟಾರ್ ಫ್ರೆಟ್ ಮರಕ್ಕೆ ಬಡಿದು ಕೂರಿಸಿದ್ದು, ಅಲ್ಲಾಡಲ್ಲ. ಜಿ ತಂತಿಯನ್ನ ಟ್ಯೂನರ್ ತೋರಿಸಿದಲ್ಲೇ ಬಿಡಿ.