ಮಂದ್ರದ ಮೇಲೆ ನಿಂತ ಮಾತು: ‘ದಿ ಲೋ ಎಂಡ್ ಥಿಯರಿ’ಯ ಧ್ವನಿವಿನ್ಯಾಸ

ಸಭಿಕರೆ,

ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್-ಹಾಪ್ (ತಾಳದ ಮೇಲೆ ಪ್ರಾಸಬದ್ಧ ಮಾತು ಹೇಳುವ ಸಂಗೀತ) ತಂಡದ ಎರಡನೆಯ ಆಲ್ಬಮ್ ‘ದಿ ಲೋ ಎಂಡ್ ಥಿಯರಿ’ 1991ರ ಸೆಪ್ಟೆಂಬರ್ 24ರಂದು ಹೊರಬಂದಿತು. ಹಳೆಯ ಧ್ವನಿಮುದ್ರಿಕೆಗಳಿಂದ ತುಣುಕುಗಳನ್ನೆತ್ತಿ ಹೊಸ ಹಾಡು ಕಟ್ಟುವ ಸ್ಯಾಂಪ್ಲಿಂಗ್ ಬಗ್ಗೆ ಬರೆಯುವವರು ಎಷ್ಟು ತುಣುಕುಗಳು ಸೇರಿವೆ ಎಂದು ಎಣಿಸುವುದೇ ಹೆಚ್ಚು. ಈ ಆಲ್ಬಮಿನ ಮಟ್ಟಿಗೆ ಮಾತ್ರ, ಏನನ್ನು ತೆಗೆದುಹಾಕಿದ್ದಾರೆ ಎಂದು ವಿಚಾರಿಸಿದರೆ ಅದರ ಗುಟ್ಟು ಬೇಗ ಸಿಗುತ್ತದೆ ಎಂಬುದು ನನ್ನ ವಾದ.

ಮೊದಲ ಹಾಡು ‘ಎಕ್ಸ್‌ಕರ್ಷನ್ಸ್’ ಅನ್ನೇ ಗಮನಿಸಿ. ಆರಂಭದಲ್ಲಿ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ಮಂದ್ರವಾದ್ಯ ಡಬಲ್ ಬೇಸ್ ಒಂದೇ ಕೇಳುತ್ತದೆ. ಅದರ ಮೇಲೆ ತಂಡದ ಕ್ಯೂ-ಟಿಪ್, ಹಿಪ್-ಹಾಪ್ ಕೇಳಿದಾಗ ತನ್ನ ತಂದೆಗೆ ಬೀಬಾಪ್ ಎಂಬ ಜಾಝ್ ಶೈಲಿ ನೆನಪಾಗುತ್ತಿತ್ತೆಂದು ಹೇಳತೊಡಗುತ್ತಾರೆ. ಡ್ರಮ್ ಬರುವುದು ಆಮೇಲೆ. ಆ ಬೇಸ್ ಸಾಲು ಆರ್ಟ್ ಬ್ಲೇಕಿ ಮತ್ತು ಜಾಝ್ ಮೆಸೆಂಜರ್ಸ್ ತಂಡದ ‘ಎ ಚಾಂಟ್ ಫಾರ್ ಬು’ ಕೃತಿಯದು. ಮೂಲದಲ್ಲಿ ಅದು ಮೂರರ ಎಣಿಕೆಯಲ್ಲಿ ಸಾಗುತ್ತದೆ. ತಿಶ್ರದಲ್ಲಿ ‘ತಕಿಟ’ ಎಂದು ನಡೆಯುವುದನ್ನು ಚತುರಶ್ರದ ‘ತಕಧಿಮಿ’ಗೆ ಹೊಂದಿಸುವುದು ಎಷ್ಟು ನಾಜೂಕಿನ ಕೆಲಸವೆಂದು ಲಯ ಬಲ್ಲ ನಿಮಗೆ ವಿವರಿಸಬೇಕಿಲ್ಲ. ಕ್ಯೂ-ಟಿಪ್ ಆ ಸಾಲನ್ನು ಕತ್ತರಿಸಿ, ಬೆಳೆಸಿ, ನಾಲ್ಕರ ಎಣಿಕೆಗೆ ತಂದರು. ಹೊಲಿಗೆ ಎಲ್ಲಿದೆಯೆಂದು ಕಿವಿಗೆ ಗೊತ್ತೇ ಆಗುವುದಿಲ್ಲ.

ಇಂಥ ಕತ್ತರಿಕೆಗೆ ಅವರ ಬಳಿ ಇದ್ದ ಉಪಕರಣಗಳು ಬಡವಾಗಿದ್ದವು. ಎಸ್‌ಪಿ-1200 ಎಂಬ ಸ್ಯಾಂಪ್ಲಿಂಗ್ ಯಂತ್ರ 12 ಬಿಟ್‌ಗಳ ಒರಟು ಗುಣಮಟ್ಟದಲ್ಲಿ, ಒಟ್ಟು ಸುಮಾರು 10 ಸೆಕೆಂಡಿನಷ್ಟು ಧ್ವನಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತಿತ್ತು. ಆ ಯಂತ್ರ ಬಳಸುತ್ತಿದ್ದವರು ನಿಮಿಷಕ್ಕೆ 33 ಸುತ್ತಿನ ವೇಗದ ಡಿಸ್ಕನ್ನು 45ರಲ್ಲಿ ಓಡಿಸಿ ಮುದ್ರಿಸಿ, ಯಂತ್ರದೊಳಗೆ ಮತ್ತೆ ನಿಧಾನಗೊಳಿಸಿ ಜಾಗ ಉಳಿಸುತ್ತಿದ್ದರು. ಹಾಗೆ ನಿಧಾನವಾದ ಧ್ವನಿಗೆ ಒಂದು ಒರಟು ಮೈ ಬರುತ್ತಿತ್ತು. ಫಿಲ್ಟರ್ ಹಾಕಿ ತಾರದ ಅಂಶವನ್ನೆಲ್ಲ ಸೋಸಿಬಿಟ್ಟರೆ ಹಳೆಯ ಡಿಸ್ಕಿನಿಂದ ಮಂದ್ರವಷ್ಟೇ ಉಳಿಯುತ್ತದೆ, ಮೇಲೆ ಮಾತಿಗೆ ಜಾಗ ತೆರವಾಗುತ್ತದೆ. ಡಿಸ್ಕುಗಳ ಕರಕರ ಸದ್ದನ್ನು ತಗ್ಗಿಸಿ ಒಂದೊಂದು ಪದರವೂ ಬೇರೆಯಾಗಿ ಕೇಳುವಂತೆ ಮಾಡಿದ್ದು ಧ್ವನಿತಂತ್ರಜ್ಞ ಬಾಬ್ ಪವರ್. (ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಈ ಆಲ್ಬಮ್ ಕೇಳಿ ಇದರಲ್ಲೇನಿದೆ ಎಂದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೇಳಿದ್ದು ಅರ್ಧ ಆಲ್ಬಮ್.) ತೆರವಾದ ಆ ಜಾಗದ ಹೆಚ್ಚಿನ ಲಾಭ ಪಡೆದವರು ತಂಡದ ಇನ್ನೊಂದು ದನಿಯಾದ ಫೈಫ್ ಡಾಗ್. ಮೊದಲ ಆಲ್ಬಮಿನಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಂಡಿದ್ದ ಅವರು ‘ಬಗ್ಗಿನ್ ಔಟ್’ನಲ್ಲಿ ತಾವೇ ಮೊದಲು ಮಾತು ಹಿಡಿಯುತ್ತಾರೆ; ಕ್ಯೂ-ಟಿಪ್‌ರ ಮೃದು ದನಿಗೆ ಅವರ ಚುರುಕು ದನಿ ಜೊತೆಯಾದುದರಿಂದಲೇ ಇಷ್ಟು ಬರಿದಾದ ವಾದ್ಯವಿನ್ಯಾಸ ಬೇಸರ ತರಿಸುವುದಿಲ್ಲ.

‘ವರ್ಸಸ್ ಫ್ರಮ್ ದಿ ಆಬ್‌ಸ್ಟ್ರಾಕ್ಟ್’ ಹಾಡಿನಲ್ಲಿ ಮಾತ್ರ ಡಿಸ್ಕಿನ ಬದಲು ಮನುಷ್ಯನೇ ಸ್ಟುಡಿಯೋಗೆ ಬರುತ್ತಾನೆ. 1960ರ ದಶಕದಲ್ಲಿ ಜಾಝ್ ಕಹಳೆವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿದ್ದ ರಾನ್ ಕಾರ್ಟರ್ ಇಲ್ಲಿ ಡಬಲ್ ಬೇಸ್ ನುಡಿಸಿದ್ದಾರೆ. ಸ್ಯಾಂಪಲ್ ಎಷ್ಟು ಸುತ್ತು ಬಂದರೂ ಒಂದೇ ಥರ ಇರುತ್ತದೆ. ಕಾರ್ಟರ್ ಅವರ ಬೆರಳು ಹಾಗಲ್ಲ, ಸ್ವರದಿಂದ ಸ್ವರಕ್ಕೆ ಜಾರುತ್ತ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಬದಲಾಗುತ್ತದೆ. ನನ್ನ ಕಿವಿಗೆ ಇಡೀ ಆಲ್ಬಮಿನಲ್ಲಿ ಇದಕ್ಕಿಂತ ತೂಕದ ಭಾಗ ಇನ್ನೊಂದಿಲ್ಲ.

ಇನ್ನು ಹೀಗೆ ತೆಗೆದ ತುಣುಕುಗಳ ಹಕ್ಕಿನ ಮಾತು. ಮೊದಲ ಆಲ್ಬಮಿನ ‘ಕ್ಯಾನ್ ಐ ಕಿಕ್ ಇಟ್?’ ಹಾಡಿಗೆ ರಾಕ್ ಗಾಯಕ ಲೂ ರೀಡ್ ಅವರ ಹಾಡೊಂದರ ಬೇಸ್ ಸಾಲನ್ನು ಬಳಸಿದ್ದಕ್ಕೆ ಅದರ ರಾಯಧನ ರೀಡ್ ಅವರ ಪಾಲಾಗಿತ್ತು. ‘ದಿ ಲೋ ಎಂಡ್ ಥಿಯರಿ’ ಹೊರಬಂದು ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 17ರಂದು, ಹಿಪ್-ಹಾಪ್ ಕಲಾವಿದ ಬಿಜ್ ಮಾರ್ಕಿ ಅವರ ಹಾಡಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅನುಮತಿಯಿಲ್ಲದ ಸ್ಯಾಂಪ್ಲಿಂಗನ್ನು ಕಳ್ಳತನವೆಂದೇ ಪರಿಗಣಿಸಿ ತೀರ್ಪಿತ್ತಿತು. ಪಬ್ಲಿಕ್ ಎನಿಮಿ ಎಂಬ ಹಿಪ್-ಹಾಪ್ ತಂಡದವರಂತೆ ಒಂದೇ ಹಾಡಿನಲ್ಲಿ ಹತ್ತಾರು ತುಣುಕುಗಳನ್ನು ಒಟ್ಟುವ ಕ್ರಮ ಆಮೇಲೆ ದುಬಾರಿಯಾಯಿತು. ಮರುವರ್ಷ ‘ದಿ ಕ್ರಾನಿಕ್’ ಆಲ್ಬಮ್ ರೂಪಿಸುವಾಗ ಕ್ಯಾಲಿಫೋರ್ನಿಯಾದ ಹಿಪ್-ಹಾಪ್ ಕಲಾವಿದ ಡಾ. ಡ್ರೇ ಹಳೆಯ ಹಾಡುಗಳ ಸಾಲುಗಳನ್ನು ವಾದಕರಿಂದ ಮತ್ತೆ ನುಡಿಸಿಕೊಂಡರು. ಹಾಗೆ ಮಾಡಿದಲ್ಲಿ ರಚನೆಯ ಹಕ್ಕಿಗೆ ಹಣ ತೆರಬೇಕಾಗುತ್ತದೆಯೇ ಹೊರತು ಮೂಲ ಧ್ವನಿಮುದ್ರಣದ ಒಡೆಯರಿಗೆ ಬೇರೆಯಾಗಿ ಕೊಡಬೇಕಿಲ್ಲ.