3021 ಕೇಳಿದೆ, 3041 ಕೊಟ್ಟರು

ಬಲ್ಬುಗಳನ್ನು ಬೇಕಾದಷ್ಟು ಮಂಕು ಮಾಡಿ ಅಕ್ಷರ ತೋರಿಸೋ ಹಲಗೆ ಮಾಡ್ತಾ ಇದ್ದೇನೆ. ಹೋಲ್ಡರ್ ಕೂರಿಸೋದನ್ನು ವಿಡಿಯೋದಲ್ಲಿ ನೋಡ್ತಾ ಇರಿ, ಅದರಲ್ಲಿ ಹೇಳುವಂಥದ್ದು ಏನಿಲ್ಲ. ಸಾಲಿಗೆ ಐದು, ಐದು ಸಾಲು. ಎಲ್ಲಾ 40 ವ್ಯಾಟ್‌ನ ಬುರುಡೆ ಬಲ್ಬು. ಎಲ್‌ಇಡಿ ಹಾಕಬಹುದಿತ್ತಲ್ಲ ಅಂತೀರಿ. ಬಲ್ಬಿನ ಕರೆಂಟನ್ನು ಆನ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್ಚು ಟ್ರಯಾಕ್. ಮಾಮೂಲಿ ಎಲ್‌ಇಡಿ ಬಲ್ಬು ಅದರ ಜೊತೆ ಹೊಂದಲ್ಲ, ಪಿಳಿಪಿಳಿ ಅನ್ನುತ್ತದೆ. ತಂತಿ ಮೊದಲು ಕೆಂಡದ ಹಾಗೆ ಕೆಂಪಾಗಿ, ಆಮೇಲೆ ಹಳದಿಗೆ ತಿರುಗುತ್ತದಲ್ವಾ? ನನಗೆ ಅದೇ ಬೇಕು.

ಇದನ್ನೆಲ್ಲ ನಡೆಸೋದು ಆರ್ಡುಯಿನೋ ಯುನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಅದರ ಪಿನ್ನುಗಳು 25 ಬಲ್ಬಿಗೆ ಸಾಲದು, ಅದಕ್ಕೆ ಪಿನ್ ಹೆಚ್ಚಿಸೋ 595 ಅನ್ನೋ ಚಿಪ್ ನಾಲ್ಕು.

ಈಗ ಈ ಆರು ಕಾಲಿನ ಬಿಳಿ ಚಿಪ್ ನೋಡಿ. ನನ್ನ ಎರಡು ರಾತ್ರಿ ನಿದ್ದೆ ತಿಂದಿದ್ದು ಇದೇ. ಆಪ್ಟೋಕಪ್ಲರ್. ಬೋರ್ಡಿನ 5 ವೋಲ್ಟ್‌ಗೂ ಗೋಡೆಯ 230 ವೋಲ್ಟ್‌ಗೂ ನಡುವೆ ಬೆಳಕು ಮಾತ್ರ ದಾಟುತ್ತದೆ, ತಂತಿ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ನಾನು ಕೇಳಿದ್ದು ಎಂಒಸಿ 3021. ಪೊಟ್ಟಣದಲ್ಲಿ ಇದ್ದಿದ್ದು 3041. ಬೆಸುಗೆ ಹಾಕಿ ಮುಗಿಸಿದೆ. ಬಲ್ಬು ಪೂರ್ತಿ ಉರಿಯುತ್ತದೆ, ಇಲ್ಲಾಂದ್ರೆ ಇಲ್ಲವೇ ಇಲ್ಲ. ಕೋಡ್ ತಿದ್ದಿದೆ, ಮತ್ತೆ ತಿದ್ದಿದೆ. ಕೊನೆಗೆ ಟಾರ್ಚ್ ಓರೆಯಾಗಿ ಹಿಡಿದಾಗ ಆ ನಾಲ್ಕು ಕಾಣಿಸಿತು.

ನಮ್ಮ ಮನೆ ಕರೆಂಟಿನ ವೋಲ್ಟೇಜು ಮೇಲೆ ಕೆಳಗೆ ಹೋಗ್ತಾ ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತದೆ. ಪ್ರತಿ ಸಲ ದಾಟಿದ ಮೇಲೆ 10 ಮಿಲಿಸೆಕೆಂಡ್ ಸಿಗುತ್ತದೆ. ಅದರಲ್ಲಿ ಎಷ್ಟು ತಡಮಾಡಿ ಟ್ರಯಾಕ್ ಆನ್ ಮಾಡುತ್ತೇವೋ ಅಷ್ಟು ಮಂಕು. 3021 ಯಾವಾಗ ಹೇಳಿದರೂ ಆನ್ ಆಗುತ್ತದೆ. 3041 ಸೊನ್ನೆಯ ಹತ್ತಿರ ಮಾತ್ರ. ಮಂಕಾಗುವುದು ಎಲ್ಲಿಂದ ಬರಬೇಕು?

ಬೆಸುಗೆ ಹಾಕಿದ್ದು ವಾಪಸ್ ತಗೊಳ್ಳಲ್ಲ ಅಂದರು ಅಂಗಡಿಯವರು. 500 ರೂಪಾಯಿ ಹೋಯಿತು. ಆವತ್ತು ಸಿಟ್ಟಲ್ಲಿ ಈ 3041 ದಂಡದ ಚಿಪ್ ಅಂದಿದ್ದೆ. ಈಗ ಹಾಗನಿಸುತ್ತಿಲ್ಲ. ಬರೀ ಆನ್-ಆಫ್‌ಗೆ ಇದೇ ವಾಸಿ. 3021 ಹಾಕಿದ ಮೇಲೆ ಬಲ್ಬು ಮಂಕು ಮಾಡಿದಾಗಲೆಲ್ಲ ಅಮ್ಮನ ರೇಡಿಯೋ ಗೊರಗೊರ ಅನ್ನುತ್ತಿದೆ. ಬೆಳಗ್ಗೆ ಆಕಾಶವಾಣಿ ಹಾಕದೆ ಅಮ್ಮ ಕಾಫಿ ಕುಡಿದಿದ್ದನ್ನು ನಾನು ನೋಡಿಲ್ಲ. ಇದಕ್ಕೊಂದು ಫಿಲ್ಟರ್ ಹಾಕಲೇಬೇಕು.

ಅಯ್ಯೋ, ಶಾಟ್ ಮುಗೀತಾ ಬಂತು. ಒಂದು ಮಾತು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳದೆ ಹಲಗೆಯ ಹಿಂಭಾಗ ಮುಟ್ಟಬೇಡಿ. ನಾನೂ ಮುಟ್ಟಲ್ಲ.

ಲೈಟ್ ಆರಿಸುತ್ತೇನೆ. ನಾಲ್ಕು ಮೂಲೆ ಬಿಟ್ಟು ಸುತ್ತ 12 ಬಲ್ಬು ಮಂಕಾಗಿ, ನಟ್ಟನಡುವೆ ಒಂದು ಜೋರಾಗಿ. ತಲೆಕಟ್ಟಿಗೆ ಜಾಗ ಸಾಲಲಿಲ್ಲ, ಆದರೂ ಗೊತ್ತಾಗುತ್ತೆ ಅಲ್ವಾ? ಠ!