ಅಮ್ಮ ಮರೆತಿರಲಿಲ್ಲ, ನಾವು ನಡುವೆ ಬಾಯಿ ಹಾಕಿದ್ವಿ

ನಮಸ್ಕಾರ. ಇವತ್ತು ಒಂದು ಗಾದೆ ಜೊತೆ ಜಗಳ ಆಡೋಣ ಅಂತ ಕೂತಿದ್ದೀನಿ. ‘ಅರವತ್ತಕ್ಕೆ ಅರಳು ಮರಳು.’ ಈ ಮಾತು ನಾನೂ ಆಡಿದ್ದೀನಿ, ಅದೂ ನಮ್ಮಮ್ಮನ ಎದುರಿಗೇ.

ಒಂದಿನ ಫೋನಲ್ಲಿ ರೆಕಾರ್ಡ್ ಒತ್ತಿ ಅಮ್ಮನ ಮುಂದೆ ಇಟ್ಟೆ. ‘ಅಮ್ಮ, ನಿನ್ನ ಮದುವೆ ದಿನ ಏನೇನಾಯ್ತು ಹೇಳು.’ ‘ಏನಿದೆಯಪ್ಪ, ಎಲ್ಲಾರ ಮದುವೆ ಥರಾನೇ ಆಯ್ತು. ಅವತ್ತು ಮಳೆ...’ ಅಷ್ಟರಲ್ಲಿ ಕುಕ್ಕರ್ ಕೂಗ್ತು. ಒಳಗಿಂದ ನನ್ನ ಹೆಂಡ್ತಿ, ‘ಅತ್ತೆ, ಎಷ್ಟು ವಿಷಲ್ ಆಯ್ತು?’ ನಾನು ಸುಮ್ನಿರ್ತೀನಾ? ‘ಯಾವ ವರ್ಷ ಅದು? ಯಾವ ಛತ್ರ?’ ಅಮ್ಮ ಒಂದು ಗಳಿಗೆ ಕಣ್ಣು ಬಿಟ್ಕೊಂಡು ಕೂತು, ‘ಏನೋ ಹೇಳಕ್ಕೆ ಹೊರಟಿದ್ದೆ, ಹೋಯ್ತು’ ಅಂದ್ರು. ನಾನು ಗಾದೆ ಹೇಳಿ ನಕ್ಕೆ.

ಆಮೇಲೆ ಓದ್ತಾ ಓದ್ತಾ ಗೊತ್ತಾಯ್ತು, ತಪ್ಪು ಅಮ್ಮಂದಲ್ಲ.

ನೆನಪು ಅಂದ್ರೆ ಪೆಟ್ಟಿಗೇಲಿ ಮಡಚಿಟ್ಟ ಸೀರೆ, ತೆಗೆದು ಕೊಡವಿದ್ರೆ ಮುಗೀತು ಅಂದ್ಕೊಂಡಿರ್ತೀವಿ. ಅದು ಅಡುಗೆ ಕಣ್ರೀ. ಸಾಮಾನು ಉಗ್ರಾಣದಲ್ಲಿದೆ, ಆದ್ರೆ ಪ್ರತಿ ಸಲ ತಂದು ಕಟ್ಟೆ ಮೇಲೆ ಇಟ್ಕೊಂಡು ಹೊಸದಾಗಿ ಮಾಡ್ಬೇಕು. ಆ ಕಟ್ಟೇನೇ ವರ್ಕಿಂಗ್ ಮೆಮೊರಿ, ಅಂದ್ರೆ ಆ ಕ್ಷಣಕ್ಕೆ ಬೇಕಾದ್ದನ್ನ ತಲೇಲಿ ಹಿಡಿದಿಟ್ಕೊಂಡು ಕೆಲಸ ಮಾಡೋ ಜಾಗ. ಬ್ಯಾಡ್ಲಿ ಮತ್ತು ಹಿಚ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಇದರ ನಕ್ಷೆ ಕೊಟ್ರು. ಕಟ್ಟೆ ಎಷ್ಟು ಚಿಕ್ಕದು ಅಂದ್ರೆ, ಒಂದು ಸಲಕ್ಕೆ ಸುಮಾರು ನಾಲ್ಕೇ ಪಾತ್ರೆ ಹಿಡಿಯುತ್ತೆ ಅಂತ 2001ರಲ್ಲಿ ನೆಲ್ಸನ್ ಕೋವನ್ ವಾದ ಮಾಡಿದ್ರು.

ಈಗ ಅಮ್ಮನ ಕೆಲಸ ನೋಡಿ. ಮೊದಲು ‘ಮದುವೆಯಾದ ಕಾಲ’ ಹುಡುಕಬೇಕು, ಅದರೊಳಗೆ ಮದುವೆಮನೆಯ ಗಲಾಟೆ, ಅದರೊಳಗೆ ಆ ಒಂದು ಬೆಳಗ್ಗೆ. ಹೀಗೆ ಮೆಟ್ಟಿಲಿಳಿದು ಹೋಗ್ತೀವಿ ಅಂತ 2000ದಲ್ಲಿ ಕಾನ್ವೇ ಮತ್ತವರ ಸಹೋದ್ಯೋಗಿ ಬರೆದ್ರು. ಇಳಿಯುವಾಗ ಕೇಳಿದ ಪ್ರಶ್ನೆಯೂ ತಲೇಲಿರಬೇಕು, ತಂಗಿ ಮದುವೆಯ ನೆನಪು ನುಗ್ಗಿದ್ರೆ ಅದನ್ನ ಆಚೆಗೂ ತಳ್ಳಬೇಕು. ಕಟ್ಟೆ ಮೇಲೆ ಜಾಗ ಇಲ್ಲಾಂದ್ರೆ ನಡುವಿನ ಮೆಟ್ಟಿಲಲ್ಲೇ ನಿಂತುಬಿಡ್ತೀವಿ. ಬರೋ ಉತ್ತರ: ‘ಎಲ್ಲಾರ ಮದುವೆ ಥರಾನೇ ಆಯ್ತು.’

ಕಟ್ಟೆ ತುಂಬಿಸೋದು ಬರೀ ಕುಕ್ಕರ್ ಅಲ್ಲ, ಚಿಂತೇನೂ ಹೌದು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಒಂದೊಂದು ಪದ ಕೊಟ್ಟು, ಅದು ನೆನಪಿಸೋ ಒಂದು ನಿರ್ದಿಷ್ಟ ಘಟನೆ ಹೇಳಿ ಅಂತ ಬ್ರಿಟನ್‌ನಲ್ಲಿ ಕೇಳಿದ್ರು. ವಿಲಿಯಮ್ಸ್ ಮತ್ತು ಬ್ರಾಡ್‌ಬೆಂಟ್, 1986. ಅವರ ಉತ್ತರಗಳು ಮೇಲುಮೇಲಿನವೇ ಹೆಚ್ಚು, ಖುಷಿಯ ಪದಗಳಿಗಂತೂ ಇನ್ನೂ. ಕೊರಗು ಕಟ್ಟೆಯನ್ನ ಆಕ್ರಮಿಸಿಕೊಂಡಿರುತ್ತೆ ಅನ್ನೋದು ಆಮೇಲೆ ಕೊಟ್ಟ ವಿವರಣೆಗಳಲ್ಲಿ ಒಂದು. ‘ಖುಷಿಯಾಗಿದ್ದ ದಿನ ನೆನೆಸ್ಕೋ’ ಅಂತ ಬುದ್ಧಿ ಹೇಳೋರು ಇದನ್ನ ತಿಳ್ಕೊಂಡಿದ್ರೆ ಒಳ್ಳೇದು.

ಅಷ್ಟಾವಧಾನ ನೋಡಿದ್ದೀರಲ್ಲ, ಎಂಟು ಜನ ಸುತ್ತ ಕೂತು ಕಾಡಿದ್ರೂ ಅವಧಾನಿ ಪದ್ಯ ಕಟ್ಟೋದು? ನಿಷೇಧಾಕ್ಷರಿಯವರು ಅಕ್ಷರಕ್ಕೊಂದು ಅಡ್ಡಿ ಹಾಕ್ತಾರೆ, ಅಪ್ರಸ್ತುತ ಪ್ರಸಂಗದವರು ಬೇಕಂತಲೇ ತಲೆಬುಡ ಇಲ್ಲದ್ದು ಕೇಳ್ತಾರೆ. ತಡ್ಕೊಳ್ಳೋಕೆ ಅವಧಾನಿಗಳು ವರ್ಷಗಟ್ಟಲೆ ಸಾಧನೆ ಮಾಡಿರ್ತಾರೆ. ನಮ್ಮನೇಲಿ ಎಲ್ಲರೂ ಅಪ್ರಸ್ತುತ ಪ್ರಸಂಗದವರೇ. ಅವಧಾನಕ್ಕೆ ಕೂರಿಸಿರೋದು ಮಾತ್ರ ಅಮ್ಮನನ್ನ.

ಹಾಂ, ಮನೆ ದಾರಿ ತಪ್ಪೋದು, ಮಕ್ಕಳ ಗುರುತು ಸಿಗದಿರೋದು ಬೇರೆ ಮಾತು. ಅದಕ್ಕೆ ಡಾಕ್ಟರ ಹತ್ರಾನೇ ಹೋಗಿ.

ಜನವರೀಲಿ ಒಂದು ಸಂಜೆ ಇಬ್ಬರೇ ಅವರೆಕಾಳು ಹಿತುಕ್ತಾ ಕೂತಿದ್ವಿ. ಟೀವಿ ಇಲ್ಲ, ನಾನೂ ಏನೂ ಕೇಳಲಿಲ್ಲ. ಕೈ ಅದರ ಪಾಡಿಗೆ ಅದು ನಡೀತಿತ್ತು. ಸೊಗಡಿನ ವಾಸನೆಗೇ ಇರಬೇಕು, ಕೆಲವು ನೆನಪು ಹುಡುಕದೇನೇ ಬಂದುಬಿಡುತ್ತೆ. ‘ಮದುವೆ ಊಟಕ್ಕೂ ಅವರೆಕಾಳು ಸಾರೇ ಕಣೋ’ ಅಂದ್ರು. ‘ಮಾಘದಲ್ಲಿ ಮಳೆ ಬರತ್ತೆ ಅಂತ ಯಾರಿಗೆ ಗೊತ್ತು? ಪಂಕ್ತಿ ನಡುವೆ ಚಪ್ಪರ ಸೋರಿ, ನಿಮ್ಮ ತಾತ ಸಾರಿನ ಕೊಳದಪ್ಪಲೆಗೆ ಕೊಡೆ ಹಿಡ್ಕೊಂಡು ನಿಂತ್ರು. ಮದುಮಗಳು ನೆನೀತಿದ್ದೆ, ನನಗಲ್ಲ, ಸಾರಿಗೆ!’

ಮಾತು ಅರ್ಧ ಗಂಟೆ ಹರೀತು. ಫೋನು ಪಕ್ಕದ ರೂಮಲ್ಲಿತ್ತು, ಎದ್ದು ತರಲಿಲ್ಲ. ಯಾವ ಛತ್ರ ಅಂತ ಇನ್ನೂ ಕೇಳಿಲ್ಲ.